ಮರಕ್ಕೆ ಹತ್ತು ನಿಮಿಷ ಮಾತು

‘ಇವತ್ತೂ ಅದರ ಹತ್ತಿರ ಒಂದು ಮಾತೂ ಆಡಲಿಲ್ಲ. ಮನುಷ್ಯರ ಮುಂದೆ ಬಾಯಿ ಕಟ್ಟುವುದು ಹೊಸದೇನಲ್ಲ. ಮರದ ಮುಂದೆಯೂ ಕಟ್ಟಿದರೆ ನನ್ನ ಗತಿಯೇನು?’

ಡೈರಿಯಲ್ಲಿ ಇಷ್ಟು ಬರೆದು ಪಿಸು ಪೆನ್ನಿನ ಮುಚ್ಚಳ ಕಚ್ಚುತ್ತ ಕುಳಿತಳು. ಕಿಟಕಿಯಾಚೆ, ಜಗಲಿಯ ಮೂಲೆಯ ಸಿಮೆಂಟ್ ಕುಂಡದಲ್ಲಿ, ಆ ಮರ ಮೂರು ಕೈ ಎತ್ತಿಕೊಂಡು ನಿಂತಿತ್ತು. ಪ್ರಶ್ನೆ ಕೇಳುವ ಮೊದಲೇ ಉತ್ತರ ಗೊತ್ತು ಎನ್ನುವ ಮುಂದಿನ ಬೆಂಚಿನ ಮಕ್ಕಳ ಹಾಗೆ.

ಪಿಸು ಎಂಬುದು ಅವಳ ನಿಜವಾದ ಹೆಸರಲ್ಲ. ನಿಜವಾದದ್ದು ಪದವಿಯ ಪ್ರಮಾಣಪತ್ರದಲ್ಲಿ ಭದ್ರವಾಗಿ ಕಬ್ಬಿಣದ ಬೀರುವಿನೊಳಗಿತ್ತು. ಏನು ಹೇಳುವುದಿದ್ದರೂ ಪಿಸುಗುಟ್ಟುವ ಮೊಮ್ಮಗಳಿಗೆ ಅಜ್ಜಿ ಇಟ್ಟ ಅಡ್ಡಹೆಸರೇ ಮನೆಯಲ್ಲಿ ಚಲಾವಣೆಯಲ್ಲಿತ್ತು. ಯಾರಾದರೂ ಕಾರಣ ಕೇಳಿದರೆ ಅಜ್ಜಿಯ ಉತ್ತರ ಸಿದ್ಧ: “ಇವಳು ಹುಟ್ಟೋ ಹೊತ್ತಿಗೆ ನಮ್ಮನೆ ಪಾಲಿನ ಮಾತನ್ನೆಲ್ಲ ಇವಳ ದೊಡ್ಡಮ್ಮ ಆಡಿ ಮುಗಿಸಿಬಿಟ್ಟಿದ್ಲು. ಪಾಪ, ಈ ಕೂಸಿಗೆ ಏನು ಉಳೀಬೇಕು?”

ದೊಡ್ಡಮ್ಮ, ಎಂದರೆ ಅಮ್ಮನ ಅಕ್ಕ, ಮೂವತ್ತೊಂದು ವರ್ಷ ಶಾಲೆಯಲ್ಲಿ ಡ್ರಿಲ್ ಟೀಚರ್ ಆಗಿದ್ದವರು. ಮದುವೆಯ ಗೊಡವೆಗೆ ಹೋಗದೆ, ಇದೇ ಮನೆಯ ಮುಂದಿನ ಕೋಣೆಯಲ್ಲಿ ಒಂದು ಮಂಚ, ಎರಡು ಜೊತೆ ಬಿಳಿ ಕ್ಯಾನ್ವಾಸ್ ಬೂಟು, ಮತ್ತು ಒಂದು ಸೀಟಿಯ ಜೊತೆ ಸಂಸಾರ ಹೂಡಿದ್ದರು. ನಿವೃತ್ತರಾದದ್ದು ಅವರು ಮಾತ್ರ, ಸೀಟಿಯಲ್ಲ. ಅಪ್ಪ ಬಚ್ಚಲುಮನೆಯಲ್ಲಿ ಐದು ನಿಮಿಷ ಹೆಚ್ಚು ನಿಂತರೆ ಹೊರಗಿನಿಂದ ‘ಪೀಂ’ ಎಂದು ಸೀಟಿ ಕೇಳುತ್ತಿತ್ತು. ಅಪ್ಪ ಸೋಪಿನ ನೊರೆಯ ಸಮೇತ ಹೊರಗೆ ಬರುತ್ತಿದ್ದರು.

ಜಗಲಿಯ ದೇವಕಣಗಿಲೆ ಅವರದು. ಶಾಲೆಯ ಮೈದಾನದ ಅಂಚಿನಲ್ಲಿ ಅದರ ತಾಯಿಮರ ಇತ್ತು. ಅದರ ನೆರಳಿನಲ್ಲಿ ನಿಂತೇ ದೊಡ್ಡಮ್ಮ ಮೂವತ್ತೊಂದು ವರ್ಷ ‘ಎಡ, ಬಲ, ಎಡ’ ಎಂದು ಕೂಗಿದ್ದರು. ಅವರು ನಿವೃತ್ತರಾದ ವರ್ಷವೇ ಹೊಸ ಸಭಾಂಗಣ ಕಟ್ಟಲು ಮರವನ್ನು ಉರುಳಿಸಿದರು. ದೊಡ್ಡಮ್ಮ ತೋಳುದ್ದದ ಒಂದು ಕೊಂಬೆಯನ್ನು ಎತ್ತಿಕೊಂಡು, ಕಡಿದ ಬಾಯಿಯಿಂದ ತೊಟ್ಟಿಕ್ಕುವ ಹಾಲಿಗೆ ಕರವಸ್ತ್ರ ಒತ್ತಿ ಹಿಡಿದು, ಬಸ್ಸಿನಲ್ಲಿ ಮಗುವಿನಂತೆ ತೊಡೆಯ ಮೇಲೆ ಮಲಗಿಸಿಕೊಂಡು ಬಂದಿದ್ದರು. ಆ ಕೊಂಬೆ ನಾಲ್ಕು ವರ್ಷಕ್ಕೆ ಎದೆಯೆತ್ತರ ಬೆಳೆದು, ಎರಡು ಸಲ ಹೂ ಬಿಟ್ಟಿತ್ತು. ಬಿಳಿ ಹೂವು, ಹೊಟ್ಟೆಯಲ್ಲಿ ಹಳದಿ. ಸದಾ ಕೈ ಎತ್ತಿ ನಿಲ್ಲುವ ಅದಕ್ಕೆ ಅವರು ಇಟ್ಟ ಹೆಸರು ‘ಮಾನಿಟರ್’.

ಈಗ ಬೇರೆ ಊರಿನ ಒಂದು ಹಾಸ್ಟೆಲಿನ ವಾರ್ಡನ್ ಕಾಲು ಮುರಿದುಕೊಂಡಿದ್ದರು. ಐದು ತಿಂಗಳ ಮಟ್ಟಿಗೆ ಬನ್ನಿ ಎಂದು ದೊಡ್ಡಮ್ಮನಿಗೆ ಕರೆ ಬಂತು. ಕಾಲು ಮುರಿದ ಸುದ್ದಿ ಕೇಳಿ ಇಷ್ಟು ಖುಷಿಪಟ್ಟವರನ್ನು ಪಿಸು ನೋಡಿರಲಿಲ್ಲ. ಹೊರಡುವ ಮುನ್ನ ಅವರು ಕುಂಡದ ಮೇಲೆ ಒಂದು ಚೀಟಿ ಅಂಟಿಸಿದರು: ‘ಬಿಸಿಲು ಪೂರ್ತಿ. ನೀರು ಹದಿನೈದು ದಿನಕ್ಕೆ ಒಂದು ಲೋಟ. ಮಾತು ದಿನಕ್ಕೆ ಹತ್ತು ನಿಮಿಷ.’

“ಮಾತಾ?” ಎಂದಳು ಪಿಸು.

“ಮತ್ತೇನು ಗೊಬ್ಬರಾನಾ? ಮೂವತ್ತೊಂದು ವರ್ಷ ಇದರ ತಾಯಿ ನನ್ನ ಕೂಗು ಕೇಳಿ ಬೆಳೆದಿದ್ದು ಕಣೇ. ಮಾತಿಗೆ ಬೆಳೆಯೋ ಜಾತಿ ಇದು. ನಿನ್ನ ಅಪ್ಪ ಮರೆಗುಳಿ, ಅಮ್ಮಂಗೆ ಪುರುಸೊತ್ತಿಲ್ಲ, ಅಜ್ಜಿ ಶುರು ಮಾಡಿದ್ರೆ ಮರಕ್ಕೇ ತಲೆನೋವು ಬರುತ್ತೆ. ನೀನೇ ಸರಿ. ನಿನಗೂ ಅಭ್ಯಾಸ ಆಗುತ್ತೆ. ಹೂಂ ಅನ್ನು.”

“ಹೂಂ.”

“ಕೇಳಿಸ್ಲಿಲ್ಲ.”

“ಹೂಂ ಅಂದೆ.”

“ಇವಳ ಹೂಂ ಕೇಳ್ಬೇಕಾದ್ರೆ ಕಿವಿ ಬಿಚ್ಚಿ ಇವಳ ಬಾಯೊಳಗೆ ಇಡಬೇಕು!” ಎಂದು ದೊಡ್ಡಮ್ಮ ಆಟೋ ಹತ್ತಿದರು.

ಮೊದಲ ದಿನ ಪಿಸು ಕುಂಡದ ಮುಂದೆ ಮಣೆ ಹಾಕಿಕೊಂಡು ಕುಳಿತಳು. ಗಂಟಲು ಸರಿಮಾಡಿಕೊಂಡಳು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ಥಟ್ಟನೆ ನಿಂತಿತು. ಒಳಗೆ ಅಮ್ಮ ಉಸಿರು ಬಿಗಿಹಿಡಿದು ಕಾಯುತ್ತಿರುವುದು ಅವಳಿಗೆ ಬೆನ್ನಿನಲ್ಲೇ ಗೊತ್ತಾಯಿತು. ಬಾಯಿ ಬಂದ್. ಎರಡನೆಯ ದಿನ ಅಜ್ಜಿ ಬತ್ತಿ ಹೊಸೆಯುವ ನೆಪದಲ್ಲಿ ಕಿಟಕಿಯ ಪಕ್ಕ ಕುಳಿತರು; ಆ ಮನೆಯಲ್ಲಿ ಬತ್ತಿ ಬೇಕಾದ ದೀಪವೇ ಇರಲಿಲ್ಲ. ಮೂರನೆಯ ದಿನ ಯಾರೂ ಇರಲಿಲ್ಲ. ಆದರೂ ಮಾತು ಬರಲಿಲ್ಲ. ಕೊನೆಗೆ ಬಾಯಿಗೆ ಬಂದದ್ದು, “ಅ, ದ, ಪ, ರ. ಕೆಳಗಿನ ಸಾಲು... ಗ, ಸ, ಮ.”

ಅದು ಅವಳ ಕೆಲಸದ ಮಾತು. ದೊಡ್ಡ ರಸ್ತೆಯ ಕನ್ನಡಕದ ಅಂಗಡಿಯಲ್ಲಿ ಅವಳು ಸಹಾಯಕಿ. ಬಂದವರನ್ನು ಸ್ಟೂಲಿನ ಮೇಲೆ ಕೂರಿಸಿ, ಒಂದು ಕಣ್ಣು ಮುಚ್ಚಿಸಿ, ಗೋಡೆಯ ಮೇಲಿನ ಅಕ್ಷರದ ಹಲಗೆಯನ್ನು ಕೋಲಿನಿಂದ ತೋರಿಸಿ ಓದಿಸುವುದು. ಆಮೇಲೆ ಯಜಮಾನರ ಕೋಣೆಗೆ ಚೀಟಿ ಕಳಿಸುವುದು. ‘ಕೆಳಗಿನ ಸಾಲು ಓದಿ’ ಎಂದು ಅವಳು ಹೇಳುವ ದನಿಗೆ ಗಿರಾಕಿಗಳು ‘ಆಂ?’ ಎಂದು ಕಿವಿ ಮುಂದೆ ಮಾಡುತ್ತಿದ್ದರು. “ಅಮ್ಮಾ ತಾಯಿ, ನಮ್ಮದು ಕಣ್ಣಿನ ಅಂಗಡಿ. ನೀನು ಬಂದ ಮೇಲೆ ಜನ ಕಿವಿ ತೋರಿಸ್ಕೊಂಡು ಹೋಗ್ತಿದಾರೆ” ಎಂದು ಯಜಮಾನರು ಗೋಳಾಡುತ್ತಿದ್ದರು.

ಮಾತಿನ ಬದಲು ಅಕ್ಷರಮಾಲೆ ಕೇಳಿದ್ದಕ್ಕೋ ಏನೋ, ಮಾನಿಟರ್ ಮುನಿಸಿಕೊಂಡ. ತಂಪು ಗಾಳಿ ಶುರುವಾದ ವಾರವೇ ಒಂದೊಂದಾಗಿ ಎಲೆ ಹಳದಿಯಾಗಿ ಜಗಲಿಯ ಮೇಲೆ ‘ಟಪ್’ ಎಂದು ಬೀಳತೊಡಗಿದವು. ತಿಂಗಳು ಕಳೆಯುವಷ್ಟರಲ್ಲಿ ಮರ ಪೂರಾ ಬೋಳು. ಬೂದುಬಣ್ಣದ ಮೂರು ಕೊಂಬೆ, ತುದಿಯಲ್ಲಿ ಮೊಂಡು ಬೆರಳು. ದೊಡ್ಡಮ್ಮ ಇದ್ದಾಗ ಪ್ರತಿ ವರ್ಷವೂ ಹೀಗೇ ಆಗುತ್ತಿತ್ತು. ಆದರೆ ದೊಡ್ಡಮ್ಮನ ಕಡೆ ನೋಡುವುದರಲ್ಲೇ ಮುಳುಗಿರುತ್ತಿದ್ದ ಮನೆಯವರು ಮರದ ಕಡೆ ಎಂದೂ ನೋಡಿರಲಿಲ್ಲ.

ಈಗ ನೋಡಿದರು. ಎಲ್ಲರ ಕರುಳೂ ಚುರುಕ್ ಎಂದಿತು. ಹದಿನೈದು ದಿನಕ್ಕೆ ಒಂದು ಲೋಟ ನೀರೇ? ಕೈದಿಗೂ ಅದಕ್ಕಿಂತ ಹೆಚ್ಚು ಕೊಡುತ್ತಾರೆ!

ಪ್ರತಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ ದೊಡ್ಡಮ್ಮನ ಫೋನು. ಮೇಜಿನ ಮೇಲೆ ಮೊಬೈಲ್ ಇಟ್ಟು ನಾಲ್ಕು ಜನ ಸುತ್ತ ನಿಲ್ಲುವುದು ಪದ್ಧತಿ.

“ಮಾನಿಟರ್?”

“ಹಾಜರ್!” ಎನ್ನುತ್ತಿದ್ದರು ಅಪ್ಪ, ಗೊತ್ತಿಲ್ಲದೆಯೇ ನೆಟ್ಟಗೆ ನಿಂತು.

“ಪಿಸು ಮಾತಾಡಿಸ್ತಿದಾಳಾ?”

“ಗಂಟೆಗಟ್ಟಲೆ!” ಎನ್ನುತ್ತಿದ್ದರು ಅಜ್ಜಿ. ಹೆತ್ತ ಮಗಳಿಗೇ ಹೆದರುವ ತಾಯಿ ಅವರು.

ಎರಡನೆಯ ತಿಂಗಳ ಕೊನೆಗೆ ಒಂದು ಸಂಜೆ ಪಿಸು ಕಾಂಡವನ್ನು ಮುಟ್ಟಿ ನೋಡಿದಳು. ಬುಡ ಮೆತ್ತಗಿತ್ತು. ಬೆರಳು ಒತ್ತಿದರೆ ಹಣ್ಣಾದ ಬಾಳೆಯಂತೆ ಒಳಗೆ ಹೋಯಿತು. ಕೆಟ್ಟ ವಾಸನೆ. ಅವಳು ಅಮ್ಮನನ್ನು ಕರೆದಳು. ಕರೆದದ್ದು ಕೇಳಿಸಲಿಲ್ಲವಾದ್ದರಿಂದ ಹೋಗಿ ಸೆರಗು ಎಳೆದು ಕರೆತಂದಳು. ಅಮ್ಮ ನೋಡಿ, ಕೈಯಲ್ಲಿದ್ದ ಚೊಂಬನ್ನು ಬೆನ್ನ ಹಿಂದೆ ಮಾಡಿದರು.

“ಅದೇನದು?” ಎಂದರು ಅಜ್ಜಿ.

“ಏನಿಲ್ಲ. ಪಾಪ ಅಂತ ದಿನಾ ಒಂದೇ ಒಂದು ಚೊಂಬು...”

“ಅಯ್ಯೋ ನಿನ್ನ! ನಾನು ಹಾಕ್ತಿದ್ನಲ್ಲೇ, ಅಕ್ಕಿ ತೊಳೆದ ನೀರು!”

ಅಪ್ಪ ಕೆಮ್ಮಿದರು. ಆಫೀಸಿನಿಂದ ಬಂದು ಬಾಟಲಿಯಲ್ಲಿ ಉಳಿದ ನೀರನ್ನು ಅವರು ಯಾರಿಗೂ ಕಾಣದಂತೆ ಅಲ್ಲೇ ಬಗ್ಗಿಸುತ್ತಿದ್ದರಂತೆ. ಮೂವರೂ ಪಿಸುವಿನ ಕಡೆ ತಿರುಗಿದರು. ಅವಳು ಒಂದು ಬೆರಳು ಎತ್ತಿ ತೋರಿಸಿದಳು: ತನ್ನದೂ ಒಂದು ಲೋಟ. ದಿನಾ. ಮಾತಾಡಿಸದ ತಪ್ಪಿಗೆ ನೀರಾದರೂ ಇರಲಿ ಎಂದು.

ಆಳಿಗೊಂದು ಕಲ್ಲು ಎನ್ನುವಂತೆ ಆಳಿಗೊಂದು ಲೋಟ ಹಾಕಿ, ನಿದ್ದೆ ಮಾಡುತ್ತಿದ್ದ ಮರವನ್ನು ನಾಲ್ಕು ಜನ ಸೇರಿ ಮುಳುಗಿಸಿದ್ದರು.

“ಸತ್ತಿದ್ದು ಸತ್ತಿತು” ಎಂದರು ಅಜ್ಜಿ. “ಈಗ ಉಳಿದಿರೋರನ್ನ ನೋಡ್ಕೋಬೇಕು. ಮೂರು ತಿಂಗಳಿಗೆ ಅವಳು ಬರ್ತಾಳೆ. ಬೋಳು ಕೊಂಬೆಗೆ ಮುಖ ಇರುತ್ತಾ, ಮೂಗಿರುತ್ತಾ? ಇಂಥದ್ದೇ ಇನ್ನೊಂದು ತಂದು ನೆಟ್ಟರಾಯ್ತು. ಹಾವೂ ಸಾಯಬಾರದು, ಕೋಲೂ ಮುರೀಬಾರದು.”

“ಹಾವು ಸತ್ತೇ ಹೋಗಿದೆಯಲ್ಲ ಅತ್ತೆ” ಎಂದರು ಅಪ್ಪ.

“ಕೋಲಾದ್ರೂ ಉಳೀಲಿ ಅಂದೆ.”

ಕುಂಡ ಖಾಲಿ ಮಾಡುವ ಕೆಲಸ ಪಿಸುವಿನ ಪಾಲಿಗೆ ಬಂತು. ಎಳೆದರೆ ಮರ ಬುಡದಲ್ಲೇ ಕಳಚಿ ಕೈಗೆ ಬಂತು. ಕೊಳೆತ ಭಾಗವನ್ನು ಅವಳು ಚಾಕುವಿನಿಂದ ಕತ್ತರಿಸಿ ಹಾಕಿದಳು. ಆಗ, ಗಟ್ಟಿಯಾಗಿದ್ದ ಮೇಲಿನ ತುಂಡಿನ ಬಾಯಲ್ಲಿ ಹನಿ ಹನಿಯಾಗಿ ಬಿಳಿ ಹಾಲು ಮೂಡಿತು. ಸತ್ತ ಮರದಲ್ಲಿ ಹಾಲೇ? ಅವಳು ಒಳಗೆ ನೋಡಿದಳು. ಮೂವರೂ ಹೊಸ ಗಿಡದ ಎತ್ತರ ಎಷ್ಟಿರಬೇಕೆಂದು ಟೇಪು ಹಿಡಿದು ಜಗಳಾಡುತ್ತಿದ್ದರು. ಈಗ ಹೋಗಿ ‘ಹಾಲು ಬರ್ತಿದೆ’ ಎಂದರೆ ಎಲ್ಲರೂ ತನ್ನ ಕಡೆ ತಿರುಗುತ್ತಾರೆ. ‘ಹಾಗಂದ್ರೆ ಏನು?’ ಎನ್ನುತ್ತಾರೆ. ಏನೆಂದು ತನಗೇ ಗೊತ್ತಿಲ್ಲ. ಕಸದ ಬುಟ್ಟಿಗೆ ಹಾಕಲು ಮಾತ್ರ ಕೈ ಬರಲಿಲ್ಲ. ತಾರಸಿಗೆ ಹತ್ತಿ, ನೀರಿನ ಟ್ಯಾಂಕಿನ ಹಿಂದೆ ಬಿದ್ದಿದ್ದ ಒಡೆದ ಹೆಂಚಿನ ರಾಶಿಯ ಮೇಲೆ ಅದನ್ನು ಮಲಗಿಸಿ ಬಂದಳು. ಡೈರಿಯಲ್ಲಿ ಬರೆದಳು: ‘ಮಾನಿಟರ್ ಹೋದ. ಕೊನೆಗೂ ನಾನು ಅವನ ಹತ್ತಿರ ಒಂದು ಮಾತೂ ಆಡಲಿಲ್ಲ. ಹಾಲು ಬರುತ್ತಿತ್ತು ಎಂದು ಮನೆಯವರಿಗೂ ಹೇಳಲಿಲ್ಲ.’

ಮರುದಿನ ಅವಳು ಮರದ ಚಿತ್ರ ಬರೆದ ಕಾಗದ ಹಿಡಿದು ಊರ ಹೊರಗಿನ ನರ್ಸರಿಗೆ ಹೋದಳು. ಬಾಗಿಲಲ್ಲೇ ವಾಪಸು ತಿರುಗೋಣವೆನಿಸಿತು. ಅಲ್ಲಿದ್ದ ಗಿಡದ ತಾತ ಪರಿಚಯದವರೇ. ಆರು ತಿಂಗಳ ಹಿಂದೆ ಕನ್ನಡಕದ ಸ್ಕ್ರೂ ಸಡಿಲವಾಯಿತೆಂದು ಅಂಗಡಿಗೆ ಬಂದಿದ್ದರು. ಕಣ್ಣೂ ನೋಡೋಣ ಎಂದು ಪಿಸು ಸ್ಟೂಲಿನ ಮೇಲೆ ಕೂರಿಸಿದರೆ, ಅವಳು ಮೂರನೆಯ ಸಾಲಿಗೆ ಕೋಲು ಇಡುವ ಮೊದಲೇ ಐದನೆಯ ಸಾಲನ್ನು ಗಡಗಡ ಒದರಿದ್ದರು. ಹತ್ತು ವರ್ಷದಿಂದ ಅದೇ ಹಲಗೆ, ತಾತನಿಗೆ ಬಾಯಿಪಾಠ. ‘ನಿಮಗೆ ಕಾಣ್ತಿಲ್ಲ ತಾತ’ ಎಂಬ ಮಾತು ಅವಳ ನಾಲಿಗೆಯ ತುದಿಯವರೆಗೆ ಬಂದು, ಅಲ್ಲಿಂದ ಕೆಳಗೆ ನೋಡಿ ಹೆದರಿ, ವಾಪಸು ಹೋಗಿತ್ತು. ತಾತ ಸ್ಕ್ರೂ ಬಿಗಿ ಮಾಡಿಸಿಕೊಂಡು ಹೋಗಿದ್ದರು.

ಈಗ ತಾತ ಅವಳ ಕಾಗದವನ್ನು ತಲೆಕೆಳಗಾಗಿ ಹಿಡಿದು, ಮೂಗಿಗೆ ತಾಗಿಸಿ ನೋಡಿದರು. “ಇದ್ಯಾವುದಮ್ಮಾ, ಬೇರಿನ ಚಿತ್ರಾನಾ?”

ಪಿಸು ಕಾಗದವನ್ನು ಮೆಲ್ಲಗೆ ತಿರುಗಿಸಿದಳು.

“ಓಹೋ, ದೇವಕಣಗಿಲೆ! ಮೂರು ಕೊಂಬೇದಾ? ಬಣ್ಣ?”

“ಬಿಳಿ. ಒಳಗೆ ಹಳದಿ.”

“ಬಾ ಬಾ.”

ಕಪ್ಪು ಪ್ಲಾಸ್ಟಿಕ್ ಚೀಲಗಳಲ್ಲಿ ಬೋಳು ಮರಗಳು ಸಾಲಾಗಿ ನಿಂತಿದ್ದವು. ಎಲೆಯಿಲ್ಲದ ಕಾಲದಲ್ಲಿ ಯಾವುದು ಯಾವ ಬಣ್ಣದ್ದೆಂದು ಹೆತ್ತ ತಾಯಿಗೂ ತಿಳಿಯದು. ಅದಕ್ಕೇ ತಾತ ಒಂದೊಂದರ ಕುತ್ತಿಗೆಗೂ ದಾರ ಕಟ್ಟಿದ್ದರು: ಬಿಳಿ ಹೂವಿಗೆ ಬಿಳಿ ದಾರ, ಕೆಂಪಿಗೆ ಕೆಂಪು. ಎರಡು ವರ್ಷದ ಬಿಸಿಲಿಗೆ ದಾರಗಳೆಲ್ಲ ಮಾಸಿ ಒಂದೇ ಮಣ್ಣಿನ ಬಣ್ಣಕ್ಕೆ ತಿರುಗಿದ್ದವು. ತಾತ ಒಂದರ ದಾರವನ್ನು ಕಣ್ಣಿಗೆ ಹಿಡಿದು, “ಇದು ಹಾಲಿನಂಥ ಬಿಳಿ. ನಾನು ಕಟ್ಟಿದ ದಾರ ನನಗೆ ಗೊತ್ತಾಗಲ್ವಾ?” ಎಂದರು.

ಪಿಸು ಬಗ್ಗಿ ನೋಡಿದಳು. ದಾರ ಉಳಿದವುಗಳಂತೆ ಮಣ್ಣಿನ ಬಣ್ಣಕ್ಕೇ ಇತ್ತು. ಆದರೆ ಗಂಟಿನ ಸಂದಿಯಲ್ಲಿ, ಬಿಸಿಲು ತಾಗದ ಒಂದು ಸಾಸಿವೆಯಷ್ಟು ಜಾಗದಲ್ಲಿ, ಕೆಂಪು ಇಣುಕುತ್ತಿತ್ತು. ಕೆಂಪೇ? ಅಥವಾ ಮಣ್ಣೇ? ಕೇಳಿದರೆ ತಾತನಿಗೆ ಅವಮಾನವಾದೀತು. ಆವತ್ತೇ ಅಂಗಡಿಯಲ್ಲಿ ಹೇಳಿದ್ದರೆ ಇವತ್ತು ಕೇಳುವ ಪ್ರಸಂಗವೇ ಬರುತ್ತಿರಲಿಲ್ಲ. ಒಂದು ಸಲ ನುಂಗಿದ ಮಾತು ಎರಡನೆಯದಕ್ಕೆ ದಾರಿ ತೋರಿಸುತ್ತದೆ. ಅವಳು ಅದನ್ನೂ ನುಂಗಿ, ಮರವನ್ನು ಎತ್ತಿಕೊಂಡು ಮನೆಗೆ ಬಂದಳು.

“ಅದೇ ಮುಖ, ಅದೇ ಮೂಗು!” ಎಂದು ಅಜ್ಜಿ ದೃಷ್ಟಿ ತೆಗೆಯುವಂತೆ ಕೈ ತಿರುಗಿಸಿದರು. ಹೊಸಬ ಕುಂಡಕ್ಕೇರಿದ. ಈ ಸಲ ಹೆದರಿ ಯಾರೂ ನೀರಿನ ಪಾತ್ರೆ ಹಿಡಿದು ಜಗಲಿಯ ಕಡೆ ಸುಳಿಯಲಿಲ್ಲ.

ವಿಚಿತ್ರವೆಂದರೆ, ಪಿಸುವಿಗೆ ಇವನೊಂದಿಗೆ ಮಾತು ಬಂತು. ಮಾನಿಟರ್ ದೊಡ್ಡಮ್ಮನ ಮಗನಂತಿದ್ದ; ಅವನ ಮುಂದೆ ತಪ್ಪು ಆಡಿದರೆ ಹೇಗೆ ಎಂಬ ಭಯ. ಇವನೋ, ಇನ್ನೊಬ್ಬರ ಹೆಸರಿನಲ್ಲಿ ಬಂದು ನಿಂತ ಬಡಪಾಯಿ.

“ನೀನು ಅವನಲ್ಲ ಅಂತ ನನಗೆ ಗೊತ್ತು” ಎಂದಳು ಒಂದು ಸಂಜೆ ಮೆಲ್ಲಗೆ. “ಆದ್ರೂ ಕೈ ಎತ್ತಿಕೊಂಡೇ ಇರು. ಇಲ್ದಿದ್ರೆ ಇಬ್ರಿಗೂ ಕಷ್ಟ.”

ಆಮೇಲೆ ತಡೆಯೇ ಇಲ್ಲ. ಅಂಗಡಿಯ ಯಜಮಾನರು ತಲೆಗೂದಲನ್ನು ಎಡಗಿವಿಯಿಂದ ಬಲಗಿವಿಗೆ ಸಾಗಿಸುವ ಬಗೆ, ಕನ್ನಡಕ ಹಾಕಿಕೊಂಡ ಕೂಡಲೇ ತನ್ನ ಗಂಡನನ್ನು ನೋಡಿ ‘ಇವರು ಇಷ್ಟು ಮುದುಕರಾ?’ ಎಂದ ಹೆಂಗಸು, ಗಂಟಿನೊಳಗಿನ ಕೆಂಪು, ಹಾಲಿನ ಹನಿ, ಎಲ್ಲವೂ ಪಿಸುಪಿಸು ಎಂದು ಹೊರಗೆ ಬಂದವು. ಡೈರಿಯ ಪುಟಗಳು ಖಾಲಿ ಉಳಿಯತೊಡಗಿದವು.

ಭಾನುವಾರದ ಫೋನಿನಲ್ಲಿ ಮಾತ್ರ ತೊಂದರೆ. “ಮಾನಿಟರ್?” ಎಂದು ದೊಡ್ಡಮ್ಮ ಕೂಗಿದಾಗ ಕುಂಬಳಕಾಯಿ ಕಳ್ಳರಂತೆ ನಾಲ್ವರೂ ಹೆಗಲು ಮುಟ್ಟಿಕೊಳ್ಳುತ್ತಿದ್ದರು. ಅಪ್ಪನ ‘ಹಾಜರ್’ ವಾರದಿಂದ ವಾರಕ್ಕೆ ಸಣ್ಣದಾಗುತ್ತಿತ್ತು.

“ಯಾಕ್ರೀ, ಪಿಸು ದನಿ ನಿಮಗೂ ಅಂಟಿಕೊಂಡ್ತಾ?” ಎಂದರು ದೊಡ್ಡಮ್ಮ ಒಮ್ಮೆ.

ಬಿಸಿಲು ಬಲಿಯಿತು. ನಡುವೆ ಎರಡು ಸಲ ಅಕಾಲದ ಮಳೆ ಸುರಿದು ಹೋಯಿತು. ಹೊಸಬ ಮೂರು ತುದಿಯಲ್ಲೂ ಎಲೆ ಬಿಟ್ಟು, ಒಂದು ತುದಿಯಲ್ಲಿ ಮೊಗ್ಗಿನ ಗೊಂಚಲು ತೋರಿಸಿದ. ಮೊಗ್ಗುಗಳ ಮೈ ಕೆಂಪಗಿತ್ತು.

“ಮೊಗ್ಗು ಕೆಂಪಗಿದ್ರೇನು, ಅರಳಿದ ಮೇಲೆ ಬೆಳ್ಳಗಾಗುತ್ತೆ” ಎಂದು ಅಜ್ಜಿ ಧೈರ್ಯ ಹೇಳಿದರು. “ಪಿಸು ಹುಟ್ಟಿದಾಗ ಕೆಂಪಗಿರ್ಲಿಲ್ವಾ?”

ದೊಡ್ಡಮ್ಮ ಬರುವುದಕ್ಕೆ ಮೂರು ದಿನ ಇರುವಾಗ ಮೊದಲ ಹೂ ಅರಳಿತು. ದಾಳಿಂಬೆ ಕಾಳಿನ ಕೆಂಪು. ಅವರು ಬರುವ ಭಾನುವಾರ ಬೆಳಗಿನ ಹೊತ್ತಿಗೆ ಏಳು ಹೂವು. ಜಗಲಿಯ ಮೂಲೆಗೆ ಬೆಂಕಿ ಹಚ್ಚಿದಂತಿತ್ತು. ಹೊಸಬ ತನ್ನ ಜೀವಮಾನದ ಸಾಧನೆ ಮಾಡಿ ಹೆಮ್ಮೆಯಿಂದ ನಿಂತಿದ್ದ. ಸುತ್ತ ನಾಲ್ಕು ಜನ ತಲೆ ಮೇಲೆ ಕೈ ಹೊತ್ತಿದ್ದರು.

ಅಪ್ಪನಿಗೆ ಒಂದು ಉಪಾಯ ಹೊಳೆಯಿತು. ದೊಡ್ಡಮ್ಮನ ಕೋಣೆಯಿಂದ ಕ್ಯಾನ್ವಾಸ್ ಬೂಟಿನ ಬಿಳಿ ಪಾಲಿಶ್ ತಂದು, ಕುಂಚದಿಂದ ಒಂದು ಹೂವಿಗೆ ಬಳಿದರು. ಹೂ ಬಿಳಿಯಾಗಲಿಲ್ಲ, ಜ್ವರ ಬಂದಂತೆ ಕಾಣಿಸಿತು.

“ರೀ! ಗೋಡೆ ಅಂದ್ಕೊಂಡ್ರಾ ಅದನ್ನ?” ಎಂದು ಅಮ್ಮ ಕುಂಚ ಕಸಿದುಕೊಂಡರು. “ಕಿತ್ತು ಹಾಕಿ ಎಲ್ಲ. ಹೂವೇ ಇಲ್ದಿದ್ರೆ ಬಣ್ಣ ಎಲ್ಲಿಂದ ಬರುತ್ತೆ?”

ಸರಸರ ಕಿತ್ತರು. ಕಿತ್ತ ಜಾಗದಿಂದೆಲ್ಲ ಹಾಲು ಸುರಿಯಿತು. “ಇದನ್ನ ಮೇಲೆಲ್ಲಾದ್ರೂ ಬಚ್ಚಿಡು, ಓಡು” ಎಂದು ಅಮ್ಮ ಹೂಗಳನ್ನು ಪಿಸುವಿನ ದುಪಟ್ಟಾಕ್ಕೆ ಸುರಿದರು. ಅವಳು ತಾರಸಿಗೆ ಓಡಿದಳು, ಟ್ಯಾಂಕಿನ ಹಿಂದೆ ಹೋದಳು, ಮತ್ತು ಹಾಗೇ ನಿಂತಳು.

ಹೆಂಚಿನ ರಾಶಿಯ ಮೇಲೆ ಮಾನಿಟರ್ ಇದ್ದ. ಮಲಗಿಸಿದಲ್ಲೇ ಮಲಗಿದ್ದ. ಆದರೆ ಮೂರು ತುದಿಗಳೂ ಬೆಳಕಿನ ಕಡೆ ಬಾಗಿ ಮೇಲೆದ್ದಿದ್ದವು. ಒಂದೊಂದರಲ್ಲೂ ಹಸಿರು ಎಲೆ. ಬಗ್ಗಿ ನೋಡಿದರೆ, ಅವಳು ಕತ್ತರಿಸಿದ ಬಾಯಿ ಒಣಗಿ ಗಟ್ಟಿಯಾಗಿ, ಅದರ ಅಂಚಿನಿಂದ ಬೇರು ಹೊರಟು, ಹೆಂಚುಗಳ ನಡುವಿನ ಧೂಳಿನೊಳಗೆ ಇಳಿದಿತ್ತು. ಯಾರೂ ನೀರೆರೆದಿರಲಿಲ್ಲ. ಯಾರೂ ಹಾಲು ಬತ್ತಿತೇ ಎಂದು ನೋಡಿರಲಿಲ್ಲ. ನಡುವಿನ ಕೊಂಬೆಯ ತುದಿಯಲ್ಲಿ ಒಂದು ಗೊಂಚಲು: ಬಿಳಿ, ಹೊಟ್ಟೆಯಲ್ಲಿ ಹಳದಿ. ಅದರ ಪರಿಮಳ ಟ್ಯಾಂಕಿನ ಪಾಚಿ ವಾಸನೆಯನ್ನು ದಾಟಿ ಬರುತ್ತಿತ್ತು.

ಅವಳ ಕೈಯಿಂದ ದುಪಟ್ಟಾ ಜಾರಿ ಕೆಂಪು ಹೂಗಳೆಲ್ಲ ಅವನ ಕಾಲಬುಡದಲ್ಲಿ ಚೆಲ್ಲಿದವು. “ನೀನು...” ಎಂದಳು. ಅಷ್ಟರಲ್ಲಿ ಬೀದಿಯಿಂದ ‘ಪೀಂ’ ಎಂದು ಸೀಟಿ.

ಅವಳು ಕೆಳಗಿಳಿಯುವ ಹೊತ್ತಿಗೆ ದೊಡ್ಡಮ್ಮ ಚೀಲವನ್ನೂ ಇಳಿಸದೆ ಕುಂಡದ ಮುಂದೆ ನಿಂತಿದ್ದರು. ತೊಟ್ಟುಗಳಿಂದ ಹಾಲು ಇನ್ನೂ ತೊಟ್ಟಿಕ್ಕುತ್ತಿತ್ತು. ಒಂದು ಅಗಲವಾದ ಎಲೆಯನ್ನು ಅವರು ಸರಿಸಿದರು. ಅವಸರದಲ್ಲಿ ಅಲ್ಲೊಂದು ಹೂ ಉಳಿದುಹೋಗಿತ್ತು. ಅರ್ಧ ಕೆಂಪು, ಅರ್ಧ ಬೂಟ್ ಪಾಲಿಶಿನ ಬಿಳಿ.

“ಇದೇನು?”

“ಮಣ್ಣಿನ ಗುಣ ಅಕ್ಕಾ” ಎಂದರು ಅಮ್ಮ.

“ಈ ವರ್ಷ ಬಿಸಿಲು ನೋಡಿ...” ಎಂದರು ಅಪ್ಪ, ಪಾಲಿಶ್ ಡಬ್ಬಿಯನ್ನು ಜೇಬಿಗೆ ತುರುಕುತ್ತ.

ಅಜ್ಜಿ ಇಬ್ಬರನ್ನೂ ಪಕ್ಕಕ್ಕೆ ಸರಿಸಿದರು. “ಏನೇನೋ ಹೇಳ್ಬೇಡಿ. ಪಿಸು ದಿನಾ ಮಾತಾಡಿಸಿದ್ಲು ಕಣೇ. ಅವಳ ನಾಚಿಕೆ ಮರಕ್ಕೂ ಹತ್ತಿಕೊಂಡು ಕೆಂಪಾಗಿಬಿಡ್ತು.”

ಅಪ್ಪ ಕಣ್ಣು ಮುಚ್ಚಿಕೊಂಡರು. ಇಂಥ ಸುಳ್ಳಿಗೆ ಸೀಟಿಯಲ್ಲ, ಸೈರನ್ನೇ ಬೇಕು ಎಂದು ಅವರಿಗೆ ಗೊತ್ತಿತ್ತು.

ಆದರೆ ದೊಡ್ಡಮ್ಮ ಸೀಟಿ ಎತ್ತಲಿಲ್ಲ. ಪಿಸುವಿನ ಕಡೆ ತಿರುಗಿ, “ಹೌದಾ? ನಿಜವಾಗ್ಲೂ ಮಾತಾಡಿಸಿದ್ಯಾ?” ಎಂದರು.

ಪಿಸು ತಲೆಯಾಡಿಸಿದಳು. ಅದೊಂದು ನಿಜವೇ ತಾನೆ. ಈ ಮರದ ಜೊತೆ ಆಡಿದಷ್ಟು ಮಾತನ್ನು ಅವಳು ಯಾರ ಜೊತೆಯೂ ಆಡಿರಲಿಲ್ಲ.

ದೊಡ್ಡಮ್ಮ ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡರು. ಅವರ ಮೂಗು ಒರೆಸುವ ಸದ್ದೂ ಜೋರೇ. “ನೋಡ್ರೇ” ಎಂದರು, ಯಾಕೋ ದನಿ ಇಳಿದಿತ್ತು. “ಮೂವತ್ತೊಂದು ವರ್ಷ ನಾನು ಕೂಗಿದ್ದು ಕೇಳಿ ಕೇಳಿ ಆ ತಾಯಿಮರ ಬಿಳಿಚಿಕೊಂಡೇ ಇತ್ತು. ಇವಳ ಪಿಸುಮಾತು ಕೇಳಿ ಇದಕ್ಕೆ ಬಣ್ಣ ಬಂತು. ನಾನು ಇವಳಿಗೆ ದನಿ ಎತ್ತು, ದನಿ ಎತ್ತು ಅಂತ ಪ್ರಾಣ ತಿಂದೆ. ಎತ್ತಬೇಕಾಗೇ ಇರ್ಲಿಲ್ಲ.”

ಹುಟ್ಟಿದಾಗಿನಿಂದ ಪಿಸು ಕಾದಿದ್ದ ಮಾತು ಅದು. ಇಪ್ಪತ್ಮೂರು ವರ್ಷಕ್ಕೆ ಬಂತು; ಬಂದದ್ದು ಒಂದು ಸುಳ್ಳಿನ ಬೆನ್ನ ಮೇಲೆ ಕೂತು. ಅದನ್ನು ಉಗುಳಲಾಗದು, ನುಂಗಲಾಗದು. ಡೈರಿಯಲ್ಲಿ ಬರೆದಿಟ್ಟುಕೊಂಡು ದಿನಾ ಓದಬಹುದಾದಂಥ ಮಾತು.

ದೊಡ್ಡಮ್ಮ ಚೀಲದಿಂದ ಮಡಚುವ ಚಾಕು ತೆಗೆದರು. “ಸುದ್ದಿ ಹೇಳೋದೇ ಮರೆತೆ. ಶಾಲೆಯ ಹೊಸ ಹೆಡ್‌ಮಿಸ್ ಫೋನ್ ಮಾಡಿದ್ರು. ಸಭಾಂಗಣದ ಮುಂದೆ ಒಂದು ಕಟ್ಟೆ ಕಟ್ಟಿಸಿದಾರಂತೆ. ಹಳೇ ಮರದ ಕುಡಿ ನಿಮ್ಮ ಹತ್ರ ಇದೆಯಂತಲ್ಲ, ತಂದು ನೆಟ್ಟುಕೊಡಿ ಅಂದ್ರು. ಇವತ್ತೇ ಕಡಿದು ಒಣಗೋಕೆ ಇಡ್ತೀನಿ. ತನ್ನ ಜಾಗಕ್ಕೆ ತಾನು ವಾಪಸು ಹೋಗ್ತಾನೆ, ಮಾನಿಟರ್.”

ಅವರು ಹೊಸಬನ ನಡುಕೊಂಬೆಯನ್ನು ಎಡಗೈಯಲ್ಲಿ ಹಿಡಿದರು. ಹಿಡಿದದ್ದು ಎಷ್ಟು ಮೃದುವಾಗಿತ್ತೆಂದರೆ, ಬಸ್ಸಿನಲ್ಲಿ ತೊಡೆಯ ಮೇಲೆ ಮಲಗಿಸಿಕೊಂಡದ್ದು ಹೀಗೇ ಇದ್ದಿರಬೇಕು.

ಅಮ್ಮ ನೆಲ ನೋಡಿದರು. ಅಪ್ಪ ಸೂರು ನೋಡಿದರು. ಅಜ್ಜಿ ಪಿಸುವಿಗೆ ಕಣ್ಣು ಮಿಟುಕಿಸಿ, ತುಟಿಯ ಮೇಲೆ ಬೆರಳಿಟ್ಟರು. ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರೆ. ಆ ಲೆಕ್ಕದಲ್ಲಿ ಪಿಸುವಿನಷ್ಟು ಬಂಗಾರ ಕೂಡಿಟ್ಟವರು ಆ ಬೀದಿಯಲ್ಲೇ ಇರಲಿಲ್ಲ. ಸುಮ್ಮನಿರುವುದನ್ನು ಅವಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಸುಮ್ಮನಿದ್ದರೆ ಸಾಕು, ಶಾಲೆಯ ಕಟ್ಟೆಯ ಮೇಲೆ ಯಾರದೋ ಮಗ ಮಾನಿಟರನ ಹೆಸರಿನಲ್ಲಿ ಬೆಳೆಯುತ್ತಾನೆ. ದೊಡ್ಡಮ್ಮ ಪ್ರತಿ ವರ್ಷ ಹೋಗಿ ಆ ಕೆಂಪು ಹೂ ನೋಡಿ, ತನ್ನ ತಂಗಿಯ ಮಗಳನ್ನು ಹೊಗಳುತ್ತಾರೆ. ನಿಜವಾದವನು ಟ್ಯಾಂಕಿನ ಹಿಂದೆ, ಕೈ ಎತ್ತಿಕೊಂಡು, ಯಾರಾದರೂ ಹಾಜರಿ ಕರೆದಾರೆಂದು ಕಾಯುತ್ತಾನೆ.

ಚಾಕುವಿನ ಅಲಗು ತೊಗಟೆಗೆ ತಾಗಿತು.

“ನಿಲ್ಲಿಸಿ ದೊಡ್ಡಮ್ಮಾ!”

ಪಕ್ಕದ ಮನೆಯ ಕಿಟಕಿ ತೆರೆಯಿತು. ಅಪ್ಪ ಹಿಂದೆ ತಿರುಗಿ, ಯಾರು ಕೂಗಿದ್ದೆಂದು ಬೀದಿಯಲ್ಲಿ ಹುಡುಕಿದರು. ದೊಡ್ಡಮ್ಮ ಚಾಕು ಹಿಡಿದ ಕೈಯನ್ನು ಹಾಗೇ ಗಾಳಿಯಲ್ಲಿ ನಿಲ್ಲಿಸಿ, ಡ್ರಿಲ್ಲಿನ ಹೊಸ ಆಜ್ಞೆ ಕೇಳಿದ ವಿದ್ಯಾರ್ಥಿನಿಯಂತೆ ಅವಳನ್ನೇ ನೋಡಿದರು. ಪಿಸುವಿನ ಮುಖ ಉಳಿದ ಆ ಒಂದು ಹೂವಿಗಿಂತ ಕೆಂಪಾಗಿತ್ತು. ದನಿ ಮಾತ್ರ ಇಳಿಯಲಿಲ್ಲ.

“ಇದು ಮಾನಿಟರ್ ಅಲ್ಲ. ಮಾನಿಟರ್‌ಗೆ ನಾವು ನಾಲ್ಕೂ ಜನ ನೀರು ಹಾಕಿ ಹಾಕಿ ಬುಡ ಕೊಳೆಸಿದ್ವಿ, ಸತ್ತ ಅಂತ ನಾನೇ ತಗೊಂಡ್ಹೋಗಿ ತಾರಸಿ ಮೇಲೆ ಹೆಂಚಿನ ರಾಶಿಗೆ ಹಾಕಿದೆ. ನಾನು ಅವನ ಹತ್ರ ಒಂದೇ ಒಂದು ಮಾತೂ ಆಡ್ಲಿಲ್ಲ ದೊಡ್ಡಮ್ಮಾ. ಯಾರೂ ನೀರು ಹಾಕ್ದೆ, ಯಾರೂ ಮಾತಾಡಿಸ್ದೆ, ಅವನ ಪಾಡಿಗೆ ಅವನನ್ನ ಬಿಟ್ಟಿದ್ದಕ್ಕೇ ಅವನು ಅಲ್ಲಿ ಬಿಳೀ ಹೂವು ಬಿಟ್ಕೊಂಡು ಕೂತಿದಾನೆ!”